ಐದು ಕ್ಯಾನಿಗೆ ಒಂದು ರಾಗಿ ಕಾಳು

ಒಂದು ರಾಗಿ ಕಾಳು ಹೆಚ್ಚುಕಡಿಮೆ 3 ಮಿಲಿಗ್ರಾಂ ತೂಗುತ್ತದೆ. ಅಷ್ಟೇ ತೂಕದ ಯುರೇನಿಯಂ 20 ಲೀಟರಿನ ಐದು ಕ್ಯಾನ್ ನೀರಿನಲ್ಲಿ ಕರಗಿದರೆ ಲೀಟರಿಗೆ 30 ಮೈಕ್ರೊಗ್ರಾಂ ಆಯಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಅದು. ನಮ್ಮ ಭಾರತೀಯ ಮಾನಕದ್ದೂ ಈಗ ಅದೇ. ಎರಡನೇ ಕಾಳು ಬಿದ್ದರೆ ಗೆರೆ ದಾಟಿತು.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಆ ಎರಡನೇ ಕಾಳನ್ನು ಯಾವ ಕಾರ್ಖಾನೆಯೂ ಹಾಕಿಲ್ಲ. ಗ್ರಾನೈಟ್ ಬಂಡೆಯಲ್ಲಿ ಟನ್ನಿಗೆ ಕೆಲವು ಗ್ರಾಂ ಯುರೇನಿಯಂ ಇರುವುದು ಸಹಜ. ತೆರೆದ ಬಾವಿಗಳು ಬತ್ತಿದವು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿತು. ಬಂಡೆಯ ಬಿರುಕಿನಲ್ಲಿ ಎಷ್ಟೋ ಕಾಲದಿಂದ ಕೂತಿದ್ದ ನೀರನ್ನು ಮೇಲೆತ್ತಿ ಕುಡಿಯತೊಡಗಿದೆವು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಈ ಜಿಲ್ಲೆಯನ್ನೊಳಗೊಂಡ ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 57 ಹಳ್ಳಿಗಳಲ್ಲಿ 30 ಮೀರಿತ್ತು. ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಅದನ್ನು ಮೀರಿದ್ದು 48 ಹಳ್ಳಿ. ಅಂದರೆ ಕೈಲಿರುವ ಅಳತೆಗೋಲು ಬದಲಾದರೆ ಸಾಕು, ಒಂದು ಹನಿ ನೀರೂ ಶುದ್ಧವಾಗದೆ ಒಂಬತ್ತು ಹಳ್ಳಿಗಳು ಪಾಸು!

ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಹುಟ್ಟಿದ ಬಗೆ ಇನ್ನೂ ಸೋಜಿಗದ್ದು. ಪ್ರಯೋಗಾಲಯದ ಇಲಿಗಳಿಗೆ 91 ದಿನ ಯುರೇನಿಯಂ ಬೆರೆಸಿದ ನೀರು ಕುಡಿಸಿ ಮೂತ್ರಪಿಂಡ ನೋಡಿದರು. ಹಾನಿ ಕಂಡ ಕನಿಷ್ಠ ಪ್ರಮಾಣವನ್ನು ನೂರರಿಂದ ಭಾಗಿಸಿದರು. ಮನುಷ್ಯನ ಮೈತೂಕದ ಕಿಲೋಗೆ ದಿನಕ್ಕೆ 0.6 ಮೈಕ್ರೊಗ್ರಾಂ ಬಂತು. 60 ಕಿಲೋ ತೂಗುವವರಿಗೆ 36. ಇದರಲ್ಲಿ ಹತ್ತನೇ ಒಂದು ಪಾಲು ಮಾತ್ರ ನೀರಿನಿಂದ ಬರಲಿ ಎಂದುಕೊಂಡು, ದಿನಕ್ಕೆ ಎರಡು ಲೀಟರಿಗೆ ಹಂಚಿ 1998ರಲ್ಲಿ ಮಿತಿಯನ್ನು 2 ಎಂದರು. 2004ರಲ್ಲಿ ಅದೇ ಇಲಿ, ಅದೇ 36. ನೀರಿನ ಪಾಲು ಮಾತ್ರ ಶೇ 80 ಆಯಿತು, ಮಿತಿ 15ಕ್ಕೇರಿತು. 2011ರಲ್ಲಿ ಮನುಷ್ಯರ ಮೇಲಿನ ಅಧ್ಯಯನಗಳನ್ನು ನೆಚ್ಚಿ 30 ಮಾಡಿದರು. ಹದಿಮೂರು ವರ್ಷದಲ್ಲಿ ಹದಿನೈದು ಪಟ್ಟು! ಇದರಲ್ಲಿ ಮೋಸವಿದೆ ಎನ್ನಲಾರೆ, ಲೆಕ್ಕ ಎಲ್ಲರೂ ನೋಡುವಂತೆ ಬಯಲಲ್ಲೇ ಇದೆ. ಆದರೆ ‘ಸುರಕ್ಷಿತ’ ಎನ್ನುವುದು ಬಂಡೆಯಲ್ಲಿ ಬರೆದಿಟ್ಟ ಅಂಕಿಯಲ್ಲ.

ಕೆಟ್ಟ ನೆಲದ ವಿಷಯದಲ್ಲೂ ಇದೇ ಜಗ್ಗಾಟ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಜಾಗದಲ್ಲಿ ಮಣ್ಣಿನ ಕಿಲೋಗೆ 20 ಮಿಲಿಗ್ರಾಂ ಪಾದರಸ ಉಳಿದರೂ ಸಾಕೆಂದು ಅಧಿಕಾರಿಗಳು, 1ಕ್ಕೆ ಇಳಿಯಬೇಕೆಂದು ಹೋರಾಟಗಾರರು. ಕಲುಷಿತ ಜಾಗಗಳಿಗೆಂದೇ ಕೇಂದ್ರ ಸರ್ಕಾರ ನಿಯಮ ತಂದದ್ದು 2025ರ ಜುಲೈನಲ್ಲಿ. ಕೆಡಿಸಿದವರೇ ಖರ್ಚು ಕೊಡಬೇಕು ಎಂಬುದು ಅದರ ತಿರುಳು. ಬಂಡೆಗೆ ಯಾರು ನೋಟಿಸ್ ಕೊಡುತ್ತಾರೆ?

ಊರಿನ ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಯುರೇನಿಯಂ ಅನ್ನು ಬಹುಪಾಲು ತಡೆಯುತ್ತದೆ, ನಿಜ. ತಡೆದದ್ದು ಮಾಯವಾಗುವುದಿಲ್ಲ. ಅರ್ಧ ನೀರು ಕ್ಯಾನಿಗೆ, ಅರ್ಧ ಮೋರಿಗೆ ಹೋಗುವ ಯಂತ್ರದಲ್ಲಿ ಮೋರಿಯ ನೀರಿನ ಯುರೇನಿಯಂ ಸುಮಾರು ದುಪ್ಪಟ್ಟಾಗಿ, ಅದು ಹರಿದ ನೆಲಕ್ಕೇ ಸೇರುತ್ತದೆ. ಘಟಕದ ಟಿಡಿಎಸ್ ಮೀಟರು ಇದನ್ನು ತೋರಿಸದು. ಮುಂದಿನ ಗ್ರಾಮಸಭೆಯಲ್ಲಿ ಎರಡು ವರದಿ ಕೇಳಿ: ಕ್ಯಾನಿನ ನೀರಿನ ಯುರೇನಿಯಂ ಎಷ್ಟು, ಮೋರಿಯ ನೀರಿನದೆಷ್ಟು.