ಬೀಗವಿಲ್ಲದ ಬೆಟ್ಟದ ಮನೆಗಳು

ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್‌ನ ಉತ್ತರಕ್ಕೆ ತರರುವಾ ಎಂಬ ಪರ್ವತಶ್ರೇಣಿಯಿದೆ. ಎತ್ತರದಲ್ಲಿ ಇದೇನೂ ಹಿಮಾಲಯವಲ್ಲ. ಅತ್ಯುನ್ನತ ಶಿಖರ ಮೈಟರ್ ಕೂಡ 1571 ಮೀಟರ್ ಮಾತ್ರ. ಆದರೆ ಪಶ್ಚಿಮದ ಕಡಲಿನ ಗಾಳಿ ನೇರವಾಗಿ ಬಂದು ಅಪ್ಪಳಿಸುವುದು ಈ ಬೆಟ್ಟಗಳಿಗೆ. ಮೇಲಿನ ಕೆಲವು ಕಡೆ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಳಿಗ್ಗೆ ಬಿಸಿಲಿದ್ದ ಬೋಳುನೆತ್ತಿಯಲ್ಲಿ ಮಧ್ಯಾಹ್ನದೊಳಗೆ ಮಂಜು ಕವಿದು ದಾರಿಯೇ ಕಾಣದಂತಾಗಬಹುದು. ನೆನೆದ ಬಟ್ಟೆ, ಚಳಿಗಾಳಿ, ದಣಿವು ಮೂರೂ ಸೇರಿದರೆ ಗಟ್ಟಿಮುಟ್ಟಾದವನೂ ಕೆಲವೇ ಗಂಟೆಗಳಲ್ಲಿ ಸಾಯಬಲ್ಲ.

ನಾವು ಚಾರಣ ಎನ್ನುವುದನ್ನು ನ್ಯೂಜಿಲೆಂಡಿನವರು ಟ್ರ್ಯಾಂಪಿಂಗ್ ಎನ್ನುತ್ತಾರೆ. ಆ ದೇಶದ ಮೊದಲ ಚಾರಣ ಸಂಘ ಹುಟ್ಟಿದ್ದು 1919ರಲ್ಲಿ, ಈ ಬೆಟ್ಟಗಳ ಹೆಸರಿನಲ್ಲೇ: ತರರುವಾ ಟ್ರ್ಯಾಂಪಿಂಗ್ ಕ್ಲಬ್. ವಾರವೆಲ್ಲ ನಗರದಲ್ಲಿ ದುಡಿದವರು, ಗಂಡಸರೂ ಹೆಂಗಸರೂ, ರಜೆ ಬಂದರೆ ಬೆನ್ನಿಗೆ ಚೀಲ ಏರಿಸಿ ಹೊರಡುತ್ತಿದ್ದರು.

ಹಾಗೆ ಹೋದವರೆಲ್ಲ ಮರಳಲಿಲ್ಲ. 1922ರ ಚಳಿಗಾಲದಲ್ಲಿ ಎಸ್ಮಂಡ್ ಕೈಮ್ ಎಂಬ ಚಾರಣಿಗ ಹೆಕ್ಟರ್ ಶಿಖರದ ಬಳಿ ಬಿರುಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಆ ದಾರಿಯಲ್ಲಿ 1924ರಲ್ಲಿ ಕ್ಲಬ್ಬು ಫೀಲ್ಡ್ ಹಟ್ ಎಂಬ ತಂಗುಮನೆ ಕಟ್ಟಿತು. ಅದು ಇಂದಿಗೂ ನಿಂತಿದೆ. 1930ರಲ್ಲಿ ಇನ್ನೂ ಮೇಲೆ, ಮರಗಳೇ ಇಲ್ಲದ ಬಯಲಿನಲ್ಲಿ, ಮತ್ತೊಂದು ಮನೆ ಎದ್ದಿತು. ಅದಕ್ಕೆ ಇಟ್ಟ ಹೆಸರು ಕೈಮ್ ಹಟ್. ಕಟ್ಟಡ ಬದಲಾದರೂ ಹೆಸರು ಬದಲಾಗಿಲ್ಲ.

1933ರಲ್ಲಿ ಅರ್ಥಶಾಸ್ತ್ರಜ್ಞ ಬಿಲ್ ಸಚ್ ಸೇರಿದಂತೆ ನಾಲ್ವರು ಇದೇ ಬೆಟ್ಟಗಳಲ್ಲಿ ಕಾಣೆಯಾದಾಗ ಸಂಘಗಳ ಸದಸ್ಯರು ದೊಡ್ಡ ಸಂಖ್ಯೆಯಲ್ಲಿ ಹುಡುಕಲು ಹೊರಟರು. ನಾಲ್ವರೂ ಬದುಕಿ ಬಂದರು. ಹುಡುಕಾಟಕ್ಕೂ ಒಂದು ವ್ಯವಸ್ಥೆ ಬೇಕೆಂಬ ಅರಿವನ್ನು ಆ ಪ್ರಸಂಗ ಮೂಡಿಸಿತು.

ತಂಗುಮನೆಗಳ ಸಂಖ್ಯೆ ಬೆಳೆದದ್ದಕ್ಕೆ ಇನ್ನೊಂದು ಕಾರಣ ಜಿಂಕೆ. ಬೇಟೆಗೆಂದು ಯುರೋಪಿನವರು ತಂದುಬಿಟ್ಟ ಜಿಂಕೆಗಳು ಕಾಡನ್ನು ಮೇಯ್ದು ಬರಿದು ಮಾಡತೊಡಗಿದಾಗ, ಸರ್ಕಾರ 1930ರ ದಶಕದಿಂದ ಸಂಬಳದ ಬೇಟೆಗಾರರನ್ನು ನೇಮಿಸಿತು. ಅವರಿಗಾಗಿ ಅರಣ್ಯ ಇಲಾಖೆ ದೇಶದ ಉದ್ದಗಲಕ್ಕೂ ನೂರಾರು ಹಟ್‌ಗಳನ್ನು ಕಟ್ಟಿತು. 1987ರಲ್ಲಿ ಇವು ಹೊಸದಾಗಿ ರಚನೆಯಾದ ಸಂರಕ್ಷಣಾ ಇಲಾಖೆಯ ಪಾಲಾದವು. ಇಂದು ಆ ಇಲಾಖೆಯ ಬಳಿ 900ಕ್ಕೂ ಹೆಚ್ಚು ಹಟ್‌ಗಳಿವೆ; ಅನೇಕವನ್ನು ದುರಸ್ತಿ ಮಾಡುವವರು ಸಂಘಗಳ ಸ್ವಯಂಸೇವಕರೇ.

ಹಟ್ ಎಂದರೆ ಛತ್ರವಲ್ಲ, ಹೋಟೆಲೂ ಅಲ್ಲ. ಮಲಗಲು ಹಲಗೆಯ ಅಟ್ಟಣೆ, ಸೂರಿನ ಮಳೆನೀರು ತುಂಬುವ ತೊಟ್ಟಿ, ಹಲವು ಕಡೆ ಒಂದು ಒಲೆ. ಸಾಮಾನ್ಯವಾಗಿ ಕಾವಲುಗಾರನಿಲ್ಲ, ಬಾಗಿಲಿಗೆ ಬೀಗವಿಲ್ಲ. ಆದರೆ ಕೆಲವು ಕಟ್ಟಳೆಗಳಿವೆ. ಬಂದವರು ಅಲ್ಲಿರುವ ಪುಸ್ತಕದಲ್ಲಿ ಹೆಸರನ್ನೂ ಮುಂದಿನ ದಾರಿಯನ್ನೂ ಬರೆಯಬೇಕು. ಕಾಣೆಯಾದವರನ್ನು ಹುಡುಕುವವರು ಮೊದಲು ತೆರೆಯುವುದು ಅದನ್ನೇ. ತಡವಾಗಿ ಬಂದವರಿಗೆ ಜಾಗ ಬಿಡಬೇಕು. ಹೊರಡುವ ಮುನ್ನ ನೆಲ ಗುಡಿಸಿ, ಉರಿಸಿದಷ್ಟು ಸೌದೆಯನ್ನು ಮತ್ತೆ ಒಟ್ಟಬೇಕು.

ಈ ಕೊನೆಯ ಕಟ್ಟಳೆಯೇ ಮುಖ್ಯವಾದದ್ದು. ಮುಂದೆ ಬರುವವನು ಯಾರೋ ಗೊತ್ತಿಲ್ಲ. ನಡುಗುತ್ತಾ, ಬೆರಳು ಮರಗಟ್ಟಿ, ಕಡ್ಡಿ ಗೀರಲೂ ಕಷ್ಟಪಡುತ್ತಾ ಬರಬಹುದು. ಅವನಿಗೆ ಸೌದೆ ಸೀಳುವ ಶಕ್ತಿ ಉಳಿದಿರುವುದಿಲ್ಲ. ಒಲೆಯ ಪಕ್ಕದ ಆ ಒಣಸೌದೆ ಅವನ ಜೀವ ಉಳಿಸೀತು.