ಮೊದಲು ಬರುವವರು ಯಾರು?
ಅಲಾಸ್ಕಾ ಹಳ್ಳಿಗಳ ಸುರಕ್ಷತಾ ಅಧಿಕಾರಿಯ ಕೆಲಸದ ಪರಿಚಯ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ವೃತ್ತಿ ಮಾರ್ಗದರ್ಶನದ ತರಗತಿಯಲ್ಲಿ ನಮ್ಮ ಉಪನ್ಯಾಸಕರು ಒಂದು ಷರತ್ತು ಹಾಕಿದ್ದರು. ಸಿ.ಎ., ಬ್ಯಾಂಕ್, ಡಾಕ್ಟರ್, ಇಂಜಿನಿಯರ್ ಇವುಗಳನ್ನು ಬಿಟ್ಟು ಬೇರೆ ಯಾವುದಾದರೂ ಒಂದು ಉದ್ಯೋಗದ ಬಗ್ಗೆ ಓದಿಕೊಂಡು ಬಂದು ಹೇಳಬೇಕು. ನಾನು ಆರಿಸಿಕೊಂಡದ್ದು ಅಮೆರಿಕದ ಅಲಾಸ್ಕಾ ರಾಜ್ಯದ ‘ವಿಲೇಜ್ ಪಬ್ಲಿಕ್ ಸೇಫ್ಟಿ ಆಫೀಸರ್’ ಎಂಬ ಹುದ್ದೆ. ಕನ್ನಡದಲ್ಲಿ ಹಳ್ಳಿಯ ಸಾರ್ವಜನಿಕ ಸುರಕ್ಷತಾ ಅಧಿಕಾರಿ ಎನ್ನಬಹುದು. ಗೆಳತಿಯರು ನಕ್ಕರು, “ಅಷ್ಟು ದೂರದ್ದು ನಿನಗೇಕೆ?” ಎಂದರು. ಕಾರಣವನ್ನು ಕೊನೆಗೆ ಹೇಳುತ್ತೇನೆ.

ಅದು ಎಂಥ ಊರು?

ಅಲಾಸ್ಕಾ ಅಮೆರಿಕದ ಅತಿ ದೊಡ್ಡ ರಾಜ್ಯ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಒಂಬತ್ತು ಪಟ್ಟು. ಆದರೆ ಅಲ್ಲಿನ ಜನಸಂಖ್ಯೆ 2020ರ ಜನಗಣತಿಯಂತೆ ಸುಮಾರು 7.3 ಲಕ್ಷ ಮಾತ್ರ. ಕರ್ನಾಟಕದ ಜನಸಂಖ್ಯೆ 2011ರಲ್ಲೇ 6.11 ಕೋಟಿ ಇತ್ತು. ಅಂದರೆ ಜಾಗ ಬಹಳ, ಜನ ಕಡಿಮೆ.

ಅಲ್ಲಿನ ಎಷ್ಟೋ ಹಳ್ಳಿಗಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ರಾಜಧಾನಿ ಜೂನೋಗೂ ಹೊರಗಿನಿಂದ ರಸ್ತೆಯಲ್ಲಿ ಹೋಗಲು ಆಗುವುದಿಲ್ಲ. ಹಳ್ಳಿಗಳಿಗೆ ಚಿಕ್ಕ ವಿಮಾನ, ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಸ್ನೋ ಮೊಬೈಲ್, ಇವೇ ದಾರಿ. ಯುಕಾನ್, ಕಸ್ಕೋಕ್ವಿಮ್ ಎಂಬ ದೊಡ್ಡ ನದಿಗಳು ಚಳಿಗೆ ಹೆಪ್ಪುಗಟ್ಟಿದಾಗ ಅವೇ ರಸ್ತೆಗಳಾಗುತ್ತವೆ. ಮಂಜುಗಡ್ಡೆ ಕಟ್ಟುವ ಮತ್ತು ಒಡೆಯುವ ವಾರಗಳಲ್ಲಿ ದೋಣಿಯೂ ಹೋಗದು, ಗಾಡಿಯೂ ಹೋಗದು. ಆಗ ಹವಾಮಾನ ಕೆಟ್ಟು ವಿಮಾನವೂ ಬರದಿದ್ದರೆ ಹಳ್ಳಿಗೆ ಹಳ್ಳಿಯೇ ದಿಕ್ಕು. ತೀರ ಉತ್ತರದ ಉಟ್ಕಿಯಾಗ್ವಿಕ್ ಊರಿನಲ್ಲಿ ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟುವುದಿಲ್ಲ.

ಈ ಹಳ್ಳಿಗಳಲ್ಲಿ ಹೆಚ್ಚಾಗಿ ಇರುವವರು ಅಲ್ಲಿನ ಮೂಲನಿವಾಸಿಗಳು: ಯೂಪಿಕ್, ಇನ್ಯೂಪಿಯಾಕ್, ಅಥಬಾಸ್ಕನ್ ಮುಂತಾದವರು. ರಾಜ್ಯದ ಪೊಲೀಸರನ್ನು ‘ಟ್ರೂಪರ್’ ಎನ್ನುತ್ತಾರೆ. ಅವರ ಠಾಣೆಗಳು ದೊಡ್ಡ ಊರುಗಳಲ್ಲಿವೆ. ಹಳ್ಳಿಯಿಂದ ಕರೆ ಹೋದರೆ ಅವರು ವಿಮಾನ ಹಿಡಿದು ಬರಬೇಕು. ಗಂಟೆಗಳಾಗಬಹುದು, ಹವಾಮಾನ ಸರಿಯಿಲ್ಲದಿದ್ದರೆ ದಿನಗಳೇ ಆಗಬಹುದು.

ಒಬ್ಬರೇ ಐದು ಕೆಲಸ

ಈ ಕೊರತೆಯನ್ನು ತುಂಬಲು 1970ರ ದಶಕದ ಕೊನೆಯಲ್ಲಿ ಈ ಹುದ್ದೆಯನ್ನು ಆರಂಭಿಸಿದರು. ಅಪರಾಧ ತಡೆಯುವುದೊಂದೇ ಇದರ ಉದ್ದೇಶವಾಗಿರಲಿಲ್ಲ ಎಂಬುದು ನನಗೆ ಹೊಸ ವಿಷಯ. ಹಳ್ಳಿಗಳಲ್ಲಿ ಜನ ಬೆಂಕಿಯಲ್ಲಿ, ನೀರಿನಲ್ಲಿ, ಹಿಮದಲ್ಲಿ ದಾರಿ ತಪ್ಪಿ, ತುರ್ತು ಚಿಕಿತ್ಸೆ ಸಿಗದೆ ಸಾಯುತ್ತಿದ್ದರು. ಆ ಸಾವುಗಳನ್ನು ಕಡಿಮೆ ಮಾಡುವುದು ಮುಖ್ಯ ಗುರಿಯಾಗಿತ್ತು.

ಆದ್ದರಿಂದ ಈ ಅಧಿಕಾರಿ ಐದು ಕೆಲಸ ಕಲಿತಿರಬೇಕು: ಪೊಲೀಸ್ ಕೆಲಸ, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಕಾಣೆಯಾದವರನ್ನು ಹುಡುಕುವುದು, ನೀರಿನ ಸುರಕ್ಷತೆ. ತರಬೇತಿ ಸಿಟ್ಕಾ ಎಂಬ ಊರಿನ ಅಕಾಡೆಮಿಯಲ್ಲಿ ನಡೆಯುತ್ತದೆ. ದೋಣಿಯಲ್ಲಿ ಹೋಗುವ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸುವುದರಿಂದ ಹಿಡಿದು, ಗಲಾಟೆ ನಡೆದ ಮನೆಯಲ್ಲಿ ಟ್ರೂಪರ್ ಬರುವವರೆಗೆ ಎಲ್ಲರನ್ನೂ ಸುರಕ್ಷಿತವಾಗಿಡುವ ತನಕ ಎಲ್ಲವೂ ಅವರ ಪಾಲಿನದೇ. ಕೆಲವು ಹಳ್ಳಿಗಳು ಮತ ಹಾಕಿ ಮದ್ಯವನ್ನು ಪೂರ್ತಿ ನಿಷೇಧಿಸಿವೆ. ಅಲ್ಲಿಗೆ ಕದ್ದು ಬರುವ ಬಾಟಲಿಗಳ ಮೇಲೂ ಕಣ್ಣಿಡಬೇಕು.

ಇದರಲ್ಲಿ ನನಗೆ ಬಹಳ ಕಷ್ಟ ಎನಿಸಿದ್ದು ಬೇರೆಯೇ. ಹಳ್ಳಿ ಚಿಕ್ಕದು. ರಾತ್ರಿ ಯಾರನ್ನು ಹಿಡಿದು ಕೂರಿಸಿದಿರೋ ಬೆಳಿಗ್ಗೆ ಅವರ ತಾಯಿಯೇ ಅಂಗಡಿಯಲ್ಲಿ ಎದುರಾಗುತ್ತಾರೆ. ಅದೇ ಊರಿನವರಾದರೆ ನೆಂಟಸ್ತಿಕೆಯ ಕಷ್ಟ, ಹೊರಗಿನವರಾದರೆ ಭಾಷೆ ಮತ್ತು ನಂಬಿಕೆಯ ಕಷ್ಟ. ಹಿರಿಯರು ಯೂಪಿಕ್ ಮಾತಾಡುವ ಮನೆಯಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಮತ್ತೊಂದು ಅಪಾಯವೂ ಇತ್ತು. ಬಹಳ ವರ್ಷ ಈ ಅಧಿಕಾರಿಗಳಿಗೆ ಬಂದೂಕು ಇರಲಿಲ್ಲ. 2013ರ ಮಾರ್ಚ್‌ನಲ್ಲಿ ಮನೊಕೊಟಾಕ್ ಎಂಬ ಹಳ್ಳಿಯಲ್ಲಿ ನಿರಾಯುಧರಾಗಿದ್ದ ಒಬ್ಬ ಅಧಿಕಾರಿ ಕರ್ತವ್ಯದಲ್ಲಿದ್ದಾಗ ಗುಂಡಿಗೆ ಬಲಿಯಾದರು. ಮರುವರ್ಷ, 2014ರಲ್ಲಿ, ತರಬೇತಿ ಪಡೆದವರಿಗೆ ಬಂದೂಕು ಇಟ್ಟುಕೊಳ್ಳಲು ಅವಕಾಶ ಕೊಡುವ ಕಾನೂನು ಬಂತು.

ಸಂಬಳ ಯಾರು ಕೊಡುತ್ತಾರೆ?

ವಾಣಿಜ್ಯ ವಿಭಾಗದವಳಾದ ನಾನು ಈ ಪ್ರಶ್ನೆ ಕೇಳಲೇಬೇಕಿತ್ತು. ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಹಣ ಕೊಡುವುದು ರಾಜ್ಯ ಸರ್ಕಾರ. ಆದರೆ ನೇಮಕ ಮಾಡಿಕೊಳ್ಳುವುದು ಹೆಚ್ಚಾಗಿ ಮೂಲನಿವಾಸಿಗಳ ಪ್ರಾದೇಶಿಕ ಸಂಸ್ಥೆಗಳು. ಇವು ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲ. ಸರ್ಕಾರದ ಅನುದಾನ ಪಡೆದು ಸಂಬಳ ಕೊಡುತ್ತವೆ. ಕೆಲಸದಲ್ಲಿ ಮಾರ್ಗದರ್ಶನ, ದೊಡ್ಡ ಅಪರಾಧಗಳ ತನಿಖೆ ಟ್ರೂಪರ್‌ಗಳದ್ದು. ಇನ್ನು ದಿನದಿನದ ಕೆಲಸ ಹಳ್ಳಿಯ ಜನರ ಜೊತೆ. ಹೀಗೆ ಒಬ್ಬ ಅಧಿಕಾರಿಗೆ ಹಲವು ಯಜಮಾನರು. ಒಬ್ಬ ನೌಕರನಿಗೆ ಒಬ್ಬರೇ ಆದೇಶ ಕೊಡಬೇಕು ಎಂಬ ತತ್ತ್ವವನ್ನು ನಾವು ವ್ಯವಹಾರ ಅಧ್ಯಯನದಲ್ಲಿ ಓದಿದ್ದೇವಲ್ಲ, ಅದು ಇಲ್ಲಿ ನಡೆಯುವುದಿಲ್ಲ.

ಫಲಿತಾಂಶ ಏನಾಯಿತು? 2012ರ ಸುಮಾರಿಗೆ ನೂರಕ್ಕೂ ಹೆಚ್ಚು ಅಧಿಕಾರಿಗಳಿದ್ದರು. 2019ರ ಹೊತ್ತಿಗೆ 40ರ ಆಸುಪಾಸಿಗೆ ಇಳಿದರು. ಎಷ್ಟೋ ಹಳ್ಳಿಗಳಲ್ಲಿ ಅವರು ವಾಸಿಸಲು ಸರಿಯಾದ ಮನೆ ಇಲ್ಲ. ಒಬ್ಬರೇ ಹಗಲು ರಾತ್ರಿ ದುಡಿದು ಸುಸ್ತಾಗಿ ಕೆಲಸ ಬಿಡುತ್ತಾರೆ. 2019ರಲ್ಲಿ ‘ಆಂಕರೇಜ್ ಡೈಲಿ ನ್ಯೂಸ್’ ಪತ್ರಿಕೆ ಮತ್ತು ‘ಪ್ರೊಪಬ್ಲಿಕಾ’ ಸೇರಿ ತನಿಖೆ ಮಾಡಿ, ಅಲಾಸ್ಕಾದ ಮೂರರಲ್ಲಿ ಒಂದು ಊರಿಗೆ ಸ್ಥಳೀಯ ಪೊಲೀಸ್ ರಕ್ಷಣೆಯೇ ಇಲ್ಲ ಎಂದು ತೋರಿಸಿದವು. ಆ ವರದಿಗೆ 2020ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಕೇಂದ್ರ ಸರ್ಕಾರವೂ ಅದನ್ನು ತುರ್ತು ಪರಿಸ್ಥಿತಿ ಎಂದು ಕರೆದು ಹಣ ಕೊಟ್ಟಿತು.

ಇನ್ನೂರು ಜನರಿರುವ ಹಳ್ಳಿಗೆ ಒಬ್ಬ ಅಧಿಕಾರಿಯ ಸಂಬಳ, ಮನೆ, ಇಂಧನ ಎಂದು ಲೆಕ್ಕ ಹಾಕಿದರೆ ಖರ್ಚು ದುಬಾರಿಯೇ. ಆದರೆ ಇದು ವಿಮೆಯ ಪ್ರೀಮಿಯಂ ಇದ್ದ ಹಾಗೆ. ವರ್ಷವಿಡೀ ಏನೂ ಆಗಲಿಲ್ಲ ಎಂದರೆ ಹಣ ವ್ಯರ್ಥವಾಯಿತು ಎಂದಲ್ಲ. ಆಗದೇ ಹೋದ ಸಾವು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರುವುದಿಲ್ಲ.

ನನಗೇಕೆ ಇದು?

ನನ್ನ ನಾನಿಯ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಹತ್ತಿರ. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗ ಕಾಲುವೆಗೆ ಬಿದ್ದ. ನನಗಿಂತ ಒಂದು ವರ್ಷ ಚಿಕ್ಕವನು. ಊರಿನ ಅಣ್ಣಂದಿರು ಹಾರಿ ಸ್ವಲ್ಪ ಹೊತ್ತಿನಲ್ಲೇ ಅವನನ್ನು ಮೇಲೆ ತಂದರು. ಯಾರೋ ಹೊಟ್ಟೆ ಒತ್ತಿದರು, ಯಾರೋ ತಲೆಕೆಳಗೆ ಮಾಡಿ ತಿರುಗಿಸಿದರು. ಸುತ್ತ ನೂರು ಜನ ಇದ್ದೆವು. ಏನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಆಂಬುಲೆನ್ಸ್ ಮತ್ತು ಪೊಲೀಸರು ಬರುವಷ್ಟರಲ್ಲಿ ಒಂದು ಗಂಟೆ ಮೇಲಾಗಿತ್ತು. ಅವನು ಉಳಿಯಲಿಲ್ಲ.

ಬಂದ ಪೊಲೀಸರು ಒಳ್ಳೆಯವರೇ. ಸಮಾಧಾನವಾಗಿ ವಿಚಾರಿಸಿದರು. ನಾನಿಗೆ ಕನ್ನಡ ಅಷ್ಟಾಗಿ ಬಾರದು, ಅವರು ಉರ್ದುವಿನಲ್ಲಿ ಅಳುತ್ತ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ತಪ್ಪು ಯಾರದೆಂದು ಹುಡುಕುವುದು ನನ್ನ ಉದ್ದೇಶವಲ್ಲ. ಮೂವತ್ತು ಕಿಲೋಮೀಟರ್ ದೂರದಿಂದ ಬರುವವರು ಹಾರಿ ಬರಲಾಗದು. ಆದರೆ ನಾನಿ ಆ ರಾತ್ರಿ ಕೇಳಿದ ಮಾತು ನನ್ನಲ್ಲಿ ಉಳಿದಿದೆ: “ಇಷ್ಟು ಓದಿದ ಮಕ್ಕಳಿದ್ದೀರಿ ಬೇಟಿ, ಒಬ್ಬರಿಗೂ ಇದನ್ನು ಕಲಿಸಲಿಲ್ಲವೇ?”

ಅಲಾಸ್ಕಾದ ಬಗ್ಗೆ ಓದುವಾಗ ನನಗೆ ಅರ್ಥವಾದದ್ದು ಇಷ್ಟೇ. ದೂರದ ಹಳ್ಳಿಯಲ್ಲಿ ಜೀವ ಉಳಿಸುವುದು ಮೊದಲ ಹತ್ತು ನಿಮಿಷದಲ್ಲಿ ಅಲ್ಲಿರುವ ಮನುಷ್ಯ. ಅವರಿಗೆ ಕೆಲಸ ಗೊತ್ತಿರಬೇಕು, ಅಷ್ಟೆ. ನಮ್ಮಲ್ಲಿ 112ಕ್ಕೆ ಕರೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಸಿಗುತ್ತವೆ. ಅದನ್ನು ಮೊದಲು ಮಾಡಬೇಕು. ಅವರು ಬರುವ ತನಕದ ಸಮಯ ನಮ್ಮದು. ಉಸಿರು ನಿಂತವರ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಸಲದಂತೆ ಗಟ್ಟಿಯಾಗಿ ಒತ್ತಬೇಕು. ನೀರಿನಿಂದ ತೆಗೆದವರಿಗೆ ಬಾಯಿಯಿಂದ ಉಸಿರೂ ಕೊಡಬೇಕು. ಹೊಟ್ಟೆ ಒತ್ತಿ, ತಲೆಕೆಳಗೆ ಮಾಡಿ ಸಮಯ ಕಳೆಯಬಾರದು. ಇದನ್ನು ಓದಿದರೆ ಸಾಲದು, ಗೊಂಬೆಯ ಮೇಲೆ ಕೈಯಾರೆ ಅಭ್ಯಾಸ ಮಾಡಬೇಕು.

ನಮ್ಮ ಕಾಲೇಜಿಗೆ ಸುತ್ತಲಿನ ಎಷ್ಟೋ ಹಳ್ಳಿಗಳಿಂದ ವಿದ್ಯಾರ್ಥಿಗಳು ಬಸ್ಸಿನಲ್ಲಿ ಬರುತ್ತಾರೆ. ಪ್ರತಿ ಹಳ್ಳಿಗೆ ಇಬ್ಬರಾದರೂ ಇದನ್ನು ಕಲಿತು ಹೋದರೆ ಎಷ್ಟು ಮನೆಗಳಿಗೆ ಉಪಕಾರ! ಒಂದು ಜೀವವನ್ನು ಉಳಿಸಿದವರು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ನಾವು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಪರೀಕ್ಷೆಗೆ ಮೊದಲು ಒಂದು ಶನಿವಾರ ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ತರಬೇತಿ ಏರ್ಪಡಿಸಬೇಕೆಂದು ಪ್ರಾಂಶುಪಾಲರಲ್ಲಿ ಈ ಲೇಖನದ ಮೂಲಕ ವಿನಂತಿಸುತ್ತೇನೆ. ಹೆಸರು ಕೊಡುವವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬರೆದುಕೊಳ್ಳಿ.