ಬೋಲ್ಟು ಕೂತರೆ ಸಾಕೇ?

ಎಚ್.ಎಂ.ಟಿ. ಟ್ರ್ಯಾಕ್ಟರ್ ನೋಡಿದ್ದೀರಾ? ಹರಿಯಾಣದ ಪಿಂಜೋರಿನಲ್ಲಿ 1971ರಲ್ಲಿ ಅದರ ತಯಾರಿಕೆ ಶುರುವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆಯೇ ಇಲ್ಲ ಅಂದ್ಮೇಲೆ ಸಾಮಾನು ಎಲ್ಲಿಂದ ಬರಬೇಕು? ಹಲವು ಸಲ ಗುಜರಿಯಿಂದ, ಇಲ್ಲವೇ ಬೇರೆ ಗಾಡಿಯಿಂದ.

ಸೀಟು, ದೀಪ, ಡೈನಮೋ ಬದಲಾಯಿಸಿದರೆ ತೂಕದ ಚಿಂತೆ ಇಲ್ಲ. ಆದ್ರೆ ಈ ಮೂರರಲ್ಲಿ ಹುಷಾರಾಗಿರಬೇಕು.

1. ಹಿಂದಿನ ಗಾಲಿ: ಒಂದು ಇಟ್ಟಿಗೆಯನ್ನು ನಿಲ್ಲಿಸಿ ತಳ್ಳಿ, ಆಮೇಲೆ ಮಲಗಿಸಿ ತಳ್ಳಿ. ನಿಂತದ್ದು ಬೇಗ ಬೀಳುತ್ತದೆ. ಹಾಗೆಯೇ ದೊಡ್ಡ ಟೈರು ಹಾಕಿದರೆ ಗಾಡಿಯ ಭಾರ ಮೇಲೇರುತ್ತದೆ. ಕಂಪ್ಲಿ ಕಡೆ ಕಾಲುವೆ ಏರಿಯ ಮೇಲೆ ಓರೆಯಾದರೆ ಮಗುಚೀತು. ಎರಡೂ ಕಡೆ ಒಂದೇ ಅಳತೆಯ ಟೈರು ಇರಲಿ.

2. ಮುಂದಿನ ತೂಕ: ಮುಂದೆ ಕಟ್ಟಿದ ಕಬ್ಬಿಣದ ತೂಕ ಬಿಚ್ಚಿ ಹಿಂದೆ ಭಾರವಾದ ನೇಗಿಲು ಹಾಕಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗೋದಿಲ್ಲ.

3. ಟ್ರೇಲರಿನ ಕೊಂಡಿ: ಇದು ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಬೇಕು. ಬೇರೆ ಗಾಡಿಯ ಕೊಂಡಿ ತಂದು ಮೇಲೆ ಕೂರಿಸಿದರೆ, ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಸಂಡೂರಿನ ಏರುದಾರಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಣ್ಣುಮುಚ್ಚಿ ತೆರೆಯೋದರೊಳಗೆ ಆಗಿಬಿಡುತ್ತೆ, ಓಡಿಸುವವರಿಗೆ ಹಾರಲೂ ಪುರಸೊತ್ತಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ಹಳೇ ಸಾಮಾನು ತಂದರೆ, "ಬೋಲ್ಟು ಕೂರುತ್ತಾ?" ಅನ್ನೋದರ ಜೊತೆಗೆ "ತೂಕ ಎಲ್ಲಿ ಬೀಳುತ್ತೆ?" ಅಂತಲೂ ಕೇಳಿ. ಹೊಲದಲ್ಲಿ ದುಡಿಯುವವರು ಸಂಜೆ ಮನೆಗೆ ಬರಬೇಕಲ್ಲವೇ?